ಹಾರ್ಮೋನಿಯಂ ರಿಪೇರಿಯವರ ವೆಬ್‌ಸೈಟು

ಹಿತ್ತಾಳೆಯ ರೀಡನ್ನು ತುಟಿಗಿಟ್ಟು ಉಸಿರೆಳೆದು ಸ್ವರ ನೋಡುತ್ತಿದ್ದುದರಿಂದ ಅವರ ಕೆಳತುಟಿಯ ಮೇಲೆ ಹಸಿರು ಛಾಯೆಯ ಗೆರೆಯೊಂದಿತ್ತು. ಇತ್ತೋ, ನಾನೀಗ ಎಳೆಯುತ್ತಿದ್ದೇನೋ. ನನ್ನಲ್ಲಿರುವ ಅವರ ಫೋಟೋದಲ್ಲಿ ಕಾಣುವುದಿಲ್ಲ. ಆದರೆ ಅದಿಲ್ಲದೆ ಕೊಪ್ಪದ ಆ ಹಾರ್ಮೋನಿಯಂ ರಿಪೇರಿಯವರ ಮುಖ ನನಗೆ ಬರುವುದೇ ಇಲ್ಲ.

ಭಜನೆಗೂ ಎಲೆಕ್ಟ್ರಾನಿಕ್ ಕೀಬೋರ್ಡ್ ಬಂದ ಮೇಲೆ ಅವರಲ್ಲಿಗೆ ಬರುವವರು ಕಡಿಮೆಯಾದರು. ಆ ಮಳೆಗಾಲ ಮುಗಿಯುವುದರೊಳಗೆ ಕೆಲಸ ಬರದಿದ್ದರೆ ಅಂಗಡಿ ಬಿಡುವುದೆಂದು ತೀರ್ಮಾನಿಸಿದ್ದರು. ಆದರೆ ಕೈ ನಿಂತರೆ ಸ್ವರ ಗುರುತಿಸುವ ಕಿವಿಯೂ ಹೋಗುತ್ತದೆ ಎಂಬುದು ಅವರ ಭಯ. ಪಕ್ಕದ ಅಂಗಡಿಯಲ್ಲಿ ವೆಬ್‌ಸೈಟ್ ಮಾಡಿಕೊಡುತ್ತಿದ್ದ ನಾನು ಅವರಿಗೂ ಒಂದು ಮಾಡಿದೆ. ‘ಸುಪ್ರಸಿದ್ಧ’, ‘ನುರಿತ’, ‘ವಿಶ್ವಾಸಾರ್ಹ’ ಎಂದೆಲ್ಲ ತುಂಬಿದೆ. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಎಷ್ಟು ಪುಟ ಸರಿಸಿದರೂ ಅದು ಸಿಗಲಿಲ್ಲ.

ಬರೆದದ್ದನ್ನು ನನ್ನಿಂದ ಓದಿಸಿ ಕೇಳಿದರು.

“ಕೆಟ್ಟ ಪೆಟ್ಟಿಗೆ ಮುಂದಿಟ್ಕೊಂಡು ಕೂತವ್ರು ಸುಪ್ರಸಿದ್ಧ ಅಂತ ಹುಡುಕ್ತಾರಾ ಮಾರಾಯ? ಫೋನಲ್ಲಿ ಎಂತ ಹೇಳ್ತಾರೋ ಅದನ್ನೇ ಬರಿ.”

ಶೀರ್ಷಿಕೆಗಳು ಬದಲಾದವು: ಒತ್ತದಿದ್ದರೂ ಒಂದು ಕೀ ಕೂಗುತ್ತಿದೆ. ತಿದಿ ಎಷ್ಟು ಒತ್ತಿದರೂ ಗಾಳಿ ನಿಲ್ಲುತ್ತಿಲ್ಲ. ಥಂಡಿಗೆ ಕೀ ಮೇಲೇಳುತ್ತಿಲ್ಲ. ಪ್ರತಿಯೊಂದರ ಕೆಳಗೂ ಕಾರಣ, ಮನೆಯಲ್ಲೇ ಮಾಡಬಹುದಾದ ಉಪಾಯ. ಪುಟ ತೆರೆಯಲು ತಡಮಾಡುತ್ತಿದ್ದ ದೊಡ್ಡ ಫೋಟೋಗಳನ್ನು ತೆಗೆದೆ. ಆದರೆ ಉಪಾಯಗಳನ್ನೆಲ್ಲ ಹೇಳಿಬಿಟ್ಟರೆ ಅಂಗಡಿಗೆ ಯಾರು ಬರುತ್ತಾರೆ ಎಂದು ಜಗಳವಾಡಿದೆ.

“ಊದಿದ್ರೆ ಹೋಗೋ ಕಸಕ್ಕೆ ಪೆಟ್ಟಿಗೆ ಬಸ್ಸಲ್ಲಿ ಕುಲುಕಿಸ್ಕೊಂಡು ಬರ್ಬೇಕಾ? ಅದಕ್ಕೆ ದುಡ್ಡು ತಗೊಳ್ಳೋಕೆ ನಂಗೆ ನಾಚಿಕೆ.”

ಇದೇ ಮಾತೋ, ಹೀಗೇ ಅಂದರೋ ಗೊತ್ತಿಲ್ಲ. ನಾಚಿಕೆ ಎಂಬ ಪದ ಮಾತ್ರ ಅವರದೇ.

ಹುಡುಕುವವರಿಗೆ ಪುಟ ನಿಧಾನಕ್ಕೆ ಮೇಲೆ ಬಂತು. ಮೊದಲು ಬಂದದ್ದು ನರಸಿಂಹರಾಜಪುರದ ಸಂಗೀತದ ಟೀಚರೊಬ್ಬರ ಫೋನು. ತಾವೇ ಸರಿಮಾಡಿಕೊಂಡದ್ದನ್ನು ತಿಳಿಸಲು. ಒಂದು ಗಿರಾಕಿ ಹೋಯ್ತು ಎಂದು ನಾನು ಗೊಣಗಿದೆ. ರಿಪೇರಿಯವರು ದಿನವಿಡೀ ಖುಷಿಯಾಗಿದ್ದರು. ಆಮೇಲೆ ಮನೆಯ ಉಪಾಯಕ್ಕೆ ಬಗ್ಗದ ಪೆಟ್ಟಿಗೆಗಳು ಬರತೊಡಗಿದವು, ಜಯಪುರದಿಂದ, ಶೃಂಗೇರಿಯಿಂದ, ಘಟ್ಟದ ಕೆಳಗಿನಿಂದಲೂ. ಅಂಗಡಿ ಉಳಿಯಿತು. ಆಸ್ಪತ್ರೆಗೆ ಸೇರುವ ಹಿಂದಿನ ದಿನವೂ ಅವರು ಸ್ವರ ಕೂಡಿಸಲು ರೀಡು ಕೆರೆಯುತ್ತಿದ್ದರು.

ಈಗಲೂ ನಾನು ಯಾರಿಗೆ ವೆಬ್‌ಸೈಟ್ ಮಾಡಿಕೊಟ್ಟರೂ ಮೊದಲು ಆ ಗಿರಾಕಿಯ ಅಂಗಡಿಯಲ್ಲಿ ಫೋನಿನ ಪಕ್ಕ ಕೂತು ಜನ ಏನು ಹೇಳುತ್ತಾರೆಂದು ಕೇಳುತ್ತೇನೆ. ರಿಪೇರಿಯವರು ತೀರಿಕೊಂಡ ಮೇಲೂ ಅವರ ಪುಟವನ್ನು ಅಳಿಸಿಲ್ಲ. ಅಂಗಡಿ ಮುಚ್ಚಿದೆ ಎಂದು ಒಂದು ಸಾಲು ಸೇರಿಸಿದ್ದೇನೆ, ಅಷ್ಟೆ. ಈಗ ಅದರಲ್ಲಿರುವುದು ನನ್ನ ನಂಬರು. ಮೊನ್ನೆ ಮೆಣಸೆಯಿಂದ ಹೆಂಗಸೊಬ್ಬರು ಫೋನ್ ಮಾಡಿದ್ದರು. ನಾನು ಬಾಯಿ ತೆರೆಯುವ ಮೊದಲೇ, “ನೀವು ಬರ್ದಂಗೆ ಮಾಡಿದೆ, ಸರಿಯಾಯ್ತು. ಅಂಗಡಿಯವ್ರಿಗೂ ಹೇಳ್ಬಿಡಿ” ಅಂದರು.

ಹೇಳ್ತೇನೆ ಅಂದೆ.