ಹಬ್ಬದ ದಿನ ಜಮಖಾನೆ ಬಡಿಯುವವಳು

ದಬ್. ಸ್ವಲ್ಪ ಬಿಟ್ಟು ಮತ್ತೆ ದಬ್. ಜೂನ್ ತಿಂಗಳ ಒಂದು ಗುರುವಾರ ಬೆಳಿಗ್ಗೆ ಕೆಳಗಿನ ಬೀದಿಯಿಂದ ಈ ಸದ್ದು ಕೇಳಿತೆಂದರೆ ಹೇಸೆಲ್‌ಬಾಖ್ ಊರಿಗೆ ಊರೇ ಎರಡು ಸಂಗತಿ ತಿಳಿದುಕೊಳ್ಳುತ್ತಿತ್ತು. ಕ್ಯಾಥೊಲಿಕ್ಕರ ಪರಮಪ್ರಸಾದದ ಮೆರವಣಿಗೆ ಸೇತುವೆ ದಾಟಿದೆ. ಲೀಬಿನ್ ತನ್ನ ಮಹಡಿಯ ಕಿಟಕಿಯಿಂದ ಜಮಖಾನೆ ಇಳಿಬಿಟ್ಟು ಬೆತ್ತದ ಬಡಿಗೆ ಎತ್ತಿದ್ದಾಳೆ.

ಕ್ಯಾಥೊಲಿಕ್ಕರಿಗೆ ಅದು ವರ್ಷದ ದೊಡ್ಡ ಹಬ್ಬ. ಲೀಬಿನ್‌ಳಂಥ ಲೂಥರನ್ ಪಂಥದವರಿಗೆ ಅದು ಬರೀ ಗುರುವಾರ. ಬರೀ ಗುರುವಾರ ಮನೆಯ ಧೂಳು ಕೊಡವಬಾರದೆಂದು ಯಾರು ಹೇಳಿಯಾರು? ಹಾಗೆಯೇ ಶುಭ ಶುಕ್ರವಾರ ಲೂಥರನ್ನರು ಕಪ್ಪು ಬಟ್ಟೆ ತೊಟ್ಟು, ಮಾತಿಲ್ಲದೆ, ತಲೆ ತಗ್ಗಿಸಿ ಚರ್ಚಿಗೆ ಹೋಗುವಾಗ ಎದುರು ಮನೆಯ ಕ್ಯಾಥೊಲಿಕ್ ಬುರ್ಗಾ ಮನೆಮಂದಿಯ ಬಟ್ಟೆಯನ್ನೆಲ್ಲ ಒಗೆದು ಬೀದಿಯ ಕಡೆಗೇ ಒಣಹಾಕುತ್ತಿದ್ದಳು. ತನ್ನ ಗಂಡನ ಉದ್ದನೆಯ ಒಳಚಡ್ಡಿಗಳನ್ನು ತಲೆಕೆಳಗಾಗಿ ತೂಗುಹಾಕುವುದು ಅವಳದೇ ಕೈಚಳಕ. ಗಾಳಿ ಬಂದರೆ ಆ ಕಾಲುಗಳು ಚರ್ಚಿಗೆ ಹೊರಟವರನ್ನು ಒಬ್ಬೊಬ್ಬರಾಗಿ ಒದೆಯುವಂತೆ ಕಾಣುತ್ತಿದ್ದವು.

ಮುನ್ನೂರು ವರ್ಷಗಳ ಹಿಂದೆ ಇದೇ ಬೀದಿಯಲ್ಲಿ ಕತ್ತಿ ಹಿಡಿದು ಹೊಡೆದಾಡಿದ್ದರಂತೆ. ಊರಿನ ಒಡೆಯ ಮತ ಬದಲಿಸಿದ, ಅವನ ದಾಯಾದಿ ಬದಲಿಸಲಿಲ್ಲ, ಬೀದಿಯ ಎಡಗಡೆಯವರು ಒಬ್ಬನ ಪಾಲಾದರು, ಬಲಗಡೆಯವರು ಇನ್ನೊಬ್ಬನ ಪಾಲಾದರು. ಬಾವಿಯ ನೀರೂ ಕೆಂಪಾಗಿತ್ತು ಎಂದು ಅಜ್ಜಿಯರು ಹೇಳುತ್ತಿದ್ದರು. ಆಮೇಲೆ ಕತ್ತಿಗಳು ತುಕ್ಕು ಹಿಡಿದವು. ಅಷ್ಟು ದೊಡ್ಡ ಜಗಳದಲ್ಲಿ ಕೊನೆಗೆ ಬಳಕೆಗೆ ಉಳಿದದ್ದು ಒಂದು ಬೆತ್ತ, ಒಂದು ಬಟ್ಟೆ ಹಗ್ಗ.

ಲೀಬಿನ್‌ಳ ಪೂರ್ತಿ ಹೆಸರು ಗೊಟ್ಲೀಬಿನ್. ಏಳನೇ ವಯಸ್ಸಿನಲ್ಲಿ ಅಜ್ಜಿ ಅವಳನ್ನು ಕಿಟಕಿಯ ಬಳಿ ಮಣೆಯ ಮೇಲೆ ನಿಲ್ಲಿಸಿ, ಬೆತ್ತ ಕೈಗೆ ಕೊಟ್ಟು, "ಗಂಟೆ ಶಬ್ದ ಹತ್ತಿರ ಬರಲಿ, ಆಮೇಲೆ ಶುರುಮಾಡು" ಎಂದಿದ್ದಳು. ಕೆಳಗೆ ಬಿಳಿ ಲಂಗ ತೊಟ್ಟು, ಹೂಬುಟ್ಟಿ ಹಿಡಿದು, ಧೂಳಿಗೆ ಕೆಮ್ಮುತ್ತ ನಾಲಿಗೆ ಚಾಚಿದ ಹುಡುಗಿಯೇ ಬುರ್ಗಾ. ಅವರ ಪರಿಚಯ ಆದದ್ದು ಹೀಗೆ.

ಎಲ್ಲವೂ ತಮಾಷೆಯಾಗಿರಲಿಲ್ಲ. ಲೀಬಿನ್‌ಳ ಅಕ್ಕ ಬೀದಿಯ ಬಲಗಡೆಯ ಕ್ಯಾಥೊಲಿಕ್ ಮನೆಯ ಹುಡುಗನನ್ನು ಮದುವೆಯಾದ ದಿನ ಅಪ್ಪ ಊಟದ ಮೇಜಿನಿಂದ ಅವಳ ಕುರ್ಚಿ ತೆಗೆದು ಕೊಟ್ಟಿಗೆಯಲ್ಲಿಟ್ಟ. ಅದು ಮತ್ತೆ ಒಳಗೆ ಬರಲಿಲ್ಲ. ಲೀಬಿನ್ ದೊಡ್ಡವಳಾಗಿ ಅದೇ ಮನೆಗೆ ಯಜಮಾನಿಯಾದಾಗ ಮೊದಲು ಮಾಡಿದ ಕೆಲಸವೆಂದರೆ ಆ ಕುರ್ಚಿ ಒರೆಸಿ ಒಳಗೆ ತಂದದ್ದು. ಅಷ್ಟರಲ್ಲಿ ಅಕ್ಕ ಬದುಕಿರಲಿಲ್ಲ. ಈ ವಿಷಯ ಲೀಬಿನ್ ಯಾರಿಗೂ ಹೇಳುತ್ತಿರಲಿಲ್ಲ. ಹಿತ್ತಲಲ್ಲಿ ಅವಳು ಪಿಯೋನಿ ಹೂ ಬೆಳೆಯುತ್ತಿದ್ದಳು. ಅಂಗೈಯಗಲದ, ಒಳಗೆ ಕೆಂಪು ತುಂಬಿ ತುಳುಕುವ ಹೂ. ಅಂಥವು ಊರಿನಲ್ಲಿ ಇನ್ನೆಲ್ಲೂ ಇರಲಿಲ್ಲ.

ಬೀದಿಗೆ ಮೊದಲ ಸಲ ಡಾಂಬರು ಬಿದ್ದ ವರ್ಷ, ಹಬ್ಬಕ್ಕೆ ಇನ್ನೂ ಕೆಲವು ದಿನ ಇರುವಾಗ, ಬುರ್ಗಾ ಚೆರಿ ಮರದಿಂದ ಬಿದ್ದು ಬಲಗೈ ಮುರಿದುಕೊಂಡಳು. ಸುದ್ದಿ ಕೇಳಿ ಲೀಬಿನ್ ಬೀದಿ ದಾಟಿ ಅವಳ ಬೇಲಿಯ ಹತ್ತಿರ ಬಂದಳು.

"ಏನೇ ಬುರ್ಗಾ, ಶುಕ್ರವಾರದ ಒಗೆತಕ್ಕೆ ದೇವರು ಕೂಲಿ ಕೊಟ್ಟನಂತೆ?"

"ಯಾರ ದೇವರು, ನಿಂದೋ ನಂದೋ?"

"ಮರದಿಂದ ತಳ್ಳಿದ್ದು ನಮ್ಮವನು. ಕುತ್ತಿಗೆ ಉಳಿಸಿದ್ದು ನಿಮ್ಮವನು ಇರಬೇಕು."

ಬುರ್ಗಾ ನಗಲಿಲ್ಲ. ಲೀಬಿನ್‌ಗೆ ದಿಗಿಲಾಯಿತು. ನಗದ ಬುರ್ಗಾಳನ್ನು ಅವಳು ಕಂಡೇ ಇರಲಿಲ್ಲ.

"ಪೀಠ ಹೋಗುತ್ತೆ ಕಣೇ," ಎಂದಳು ಬುರ್ಗಾ.

ಮೆರವಣಿಗೆ ನಾಲ್ಕು ಕಡೆ ನಿಲ್ಲುತ್ತಿತ್ತು. ಕೊನೆಯ ನಿಲುಗಡೆ ಬುರ್ಗಾಳ ಮನೆಯ ಮುಂದೆ. ಅವಳ ಮುತ್ತಜ್ಜಿಯ ಕಾಲದಿಂದ ಅಲ್ಲಿ ಬಲಿಪೀಠ ಇಟ್ಟು, ಅದರ ಮುಂದೆ ನೆಲದ ಮೇಲೆ ಹೂವಿನ ಎಸಳಿನಿಂದಲೇ ಚಿತ್ರ ಬಿಡಿಸುವ ರೂಢಿ. ಈ ಸಲ ಮುರಿದ ಕೈಯಲ್ಲಿ ಯಾರು ಬಿಡಿಸುತ್ತಾರೆ? ಮೇಲಿನ ಬೀದಿಯ ಬೇಕರಿಯ ಆಫ್ರಾ ಆಗಲೇ ಚರ್ಚಿನ ಗುರುಗಳ ಬಳಿ ಹೋಗಿ, ಕೆಳಗಿನ ಬೀದಿ ಇಳಿಜಾರು, ಮುದುಕರಿಗೆ ಕಷ್ಟ, ಇನ್ನು ಮೇಲೆ ಪೀಠ ತನ್ನ ಮನೆಯ ಮುಂದೆಯೇ ಇರಲಿ ಎಂದಿದ್ದಳು. ಗುರುಗಳು ಯೋಚಿಸಿ ಹೇಳಿದ್ದರು: ಹಬ್ಬದ ಬೆಳಿಗ್ಗೆ ಬುರ್ಗಾಳ ಬಾಗಿಲಲ್ಲಿ ಹೂವಿನ ಹಾಸು ಇದ್ದರೆ ಸರಿ. ಇಲ್ಲದಿದ್ದರೆ ಪೀಠ ಮೇಲಕ್ಕೆ, ಶಾಶ್ವತವಾಗಿ.

"ಅಂದರೆ ಮೆರವಣಿಗೆ ಈ ಬೀದಿಗೇ ಬರಲ್ವಾ?" ಎಂದಳು ಲೀಬಿನ್.

"ಯಾಕೆ ಬರಬೇಕು? ನಿನ್ನ ಧೂಳು ಕುಡಿಯೋಕಾ?"

ಲೀಬಿನ್ ಮನೆಗೆ ಹೋದಳು. ಮಹಡಿ ಹತ್ತಿ ಆ ಕಿಟಕಿಯಲ್ಲಿ ನಿಂತಳು. ಗಂಟೆಯಿಲ್ಲದ, ಬ್ಯಾಂಡಿಲ್ಲದ, ಬಿಳಿ ಲಂಗದ ಪುಟ್ಟ ಹುಡುಗಿಯರಿಲ್ಲದ ಜೂನ್ ತಿಂಗಳನ್ನು ಕಣ್ಣಮುಂದೆ ತಂದುಕೊಂಡಳು. ಖಾಲಿ ಬೀದಿಯ ಮೇಲೆ ಜಮಖಾನೆ ಬಡಿದರೆ ಅದು ಬರೀ ಜಮಖಾನೆ ಬಡಿಯುವುದು. ಸಂಜೆಗೆ ಮತ್ತೆ ಬೇಲಿಯ ಹತ್ತಿರ ಬಂದಳು.

"ಹೂ ನನ್ನ ಹತ್ರ ಇದೆ. ಕೈ ನನ್ನ ಹತ್ರ ಎರಡೂ ಇವೆ. ನೀನು ಬಾಯಿ ತಂದರೆ ಸಾಕು."

ಬುರ್ಗಾ ಅವಳನ್ನೇ ನೋಡಿದಳು. "ನಮ್ಮವರು ಕಂಡರೆ ಲೂಥರನ್ ಕೈ ಮುಟ್ಟಿದ್ದು ಅಂತ ಪೀಠ ಇಡಲ್ಲ. ನಿಮ್ಮವರು ಕಂಡರೆ ನಿನ್ನನ್ನ ಚರ್ಚಿನ ಹಿಂದಿನ ಬೆಂಚಿಗೆ ತಳ್ಳುತ್ತಾರೆ."

"ಕಂಡರೆ ತಾನೇ?"

ಹಬ್ಬದ ದಿನ ಬೆಳಕು ಹರಿಯುವಷ್ಟರಲ್ಲಿ ಬೀದಿಗೆ ಅಡ್ಡಲಾಗಿ, ಲೀಬಿನ್‌ಳ ಕಂಬದಿಂದ ಬುರ್ಗಾಳ ಮನೆಯ ಮೂಲೆಗೆ, ಒಂದು ಹಗ್ಗ ಬಿಗಿದಿತ್ತು. ಅದರ ಮೇಲೆ ಲೀಬಿನ್‌ಳ ಮದುವೆಯ ಬಿಳಿ ಹಾಸಿಗೆ ಹೊದಿಕೆಗಳು ನೆಲ ಮುಟ್ಟುವಂತೆ ತೂಗುತ್ತಿದ್ದವು. ಬೀದಿಯ ಆ ತುದಿ ಮುಚ್ಚಿ ಹೋಗಿತ್ತು, ಈ ತುದಿಯಲ್ಲಿ ಹೊಲ ಬಿಟ್ಟರೆ ಬೇರೇನೂ ಇರಲಿಲ್ಲ. ಆ ಬಿಳಿ ಗೋಡೆಯ ಹಿಂದೆ ಲೀಬಿನ್ ಮೊಣಕಾಲೂರಿ ಎಸಳು ಜೋಡಿಸುತ್ತಿದ್ದಳು. ಬುರ್ಗಾ ಮುರಿದ ಕೈಯನ್ನು ಬಟ್ಟೆಯಲ್ಲಿ ಕುತ್ತಿಗೆಗೆ ಕಟ್ಟಿಕೊಂಡು ಮಣೆಯ ಮೇಲೆ ಕೂತು ಅಪ್ಪಣೆ ಕೊಡುತ್ತಿದ್ದಳು.

ಸುತ್ತ ಪಿಯೋನಿಯ ಕೆಂಪು, ಅಂಚಿಗೆ ಕತ್ತರಿಸಿದ ಹುಲ್ಲಿನ ಹಸಿರು, ನಡುವೆ ಬಾವುಟ ಹಿಡಿದ ದೇವರ ಕುರಿಮರಿ. ಕುರಿಯ ಉಣ್ಣೆಗೆ ಬಿಳಿ ಪಿಯೋನಿ, ಕಣ್ಣಿಗೆ ಕಾಫಿ ಚರಟ.

"ಕಾಲು ಉದ್ದ ಆಯ್ತು ಕಣೇ. ಇದು ನಾಯಿ."

"ನಿಮ್ಮ ಕುರಿ ಹೇಗಿರುತ್ತೋ ನನಗೇನು ಗೊತ್ತು? ನಮ್ಮ ಚರ್ಚಿನಲ್ಲಿ ಚಿತ್ರ ಇಲ್ಲ, ಬರೀ ಅಕ್ಷರ."

"ಹಾಗಾದರೆ ನಾಯಿ ಅಂತ ಅಕ್ಷರದಲ್ಲೇ ಬರೆದುಬಿಡು."

ಇಬ್ಬರೂ ಬಾಯಿಗೆ ಏಪ್ರನ್ ಒತ್ತಿಕೊಂಡು ನಕ್ಕರು. ಆಗಲೇ ಹೊದಿಕೆಯ ಆಚೆಯಿಂದ ಹೆಜ್ಜೆ ಸದ್ದು ಬಂತು. ಹೂವಿನ ಹಾಸು ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಆಫ್ರಾ ಬಂದಿದ್ದಳು.

"ನೋಡಿ ಈ ಲೂಥರನ್ನರ ಸೊಕ್ಕು," ಎಂದು ಅವಳು ಜೊತೆಯವಳಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು. "ಇಷ್ಟು ವರ್ಷ ಜಮಖಾನೆ, ಈಗ ಹಾಸಿಗೆ ಹೊದಿಕೆ. ಮುಟ್ಟಬೇಡ, ಆ ಹೆಂಗಸಿನ ಬಾಯಿಗೆ ಯಾರು ಬೀಳುತ್ತಾರೆ."

"ನೋಡಿದೆಯಾ, ನಿನ್ನ ಬಾಯಿಗೆ ಬೆಲೆ ಇದೆ," ಎಂದು ಬುರ್ಗಾ ಪಿಸುಗುಟ್ಟಿದಳು. ಹೆಜ್ಜೆಗಳು ದೂರವಾದವು.

ಕೊನೆಯ ಎಸಳು ಇಟ್ಟಾಗ ಸೇತುವೆಯ ಕಡೆಯಿಂದ ಬ್ಯಾಂಡು ಕೇಳಿಸಿತು. ಲೀಬಿನ್ ಹೊದಿಕೆಗಳನ್ನು ಎಳೆದು ಬಗಲಿಗೆ ತುರುಕಿಕೊಂಡು ಮನೆಯೊಳಗೆ ಓಡಿದಳು. ಮಹಡಿ ಹತ್ತಿ, ಜಮಖಾನೆ ಕಿಟಕಿಗೆ ಹಾಕಿ, ಬೆತ್ತ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು.

ಕೆಳಗೆ ತಾನು ಬಿಡಿಸಿದ್ದನ್ನು ಅವಳು ಮೇಲಿನಿಂದ ನೋಡಿದ್ದು ಅದೇ ಮೊದಲು. ಕುರಿಮರಿ ನಿಜಕ್ಕೂ ನಾಯಿಯ ಹಾಗೇ ಇತ್ತು. ಆದರೆ ಬಿಸಿಲಿನಲ್ಲಿ ಆ ಕೆಂಪು ಹೇಗೆ ಉರಿಯುತ್ತಿತ್ತೆಂದರೆ, ಬೀದಿಯೇ ಎದೆ ತೆರೆದು ಮಲಗಿದಂತಿತ್ತು. ಈಗ ಒಂದೇ ಒಂದು ಏಟು ಹಾಕಿದರೂ ವರ್ಷದ ಧೂಳೆಲ್ಲ ಅದರ ಮೇಲೆ ಬೀಳುತ್ತದೆ. ಹಾಕದಿದ್ದರೆ ಬೀದಿ ಕಾರಣ ಕೇಳುತ್ತದೆ.

ಮೆರವಣಿಗೆ ಬಂತು. ಹೂವಿನ ಹಾಸು ಕಂಡು ಆಫ್ರಾಳ ಹಾಡು ಅರ್ಧಕ್ಕೇ ನಿಂತಿತು. ಬಂಗಾರದ ಪಾತ್ರೆಯಲ್ಲಿ ಪ್ರಸಾದ ಹಿಡಿದ ಮುದಿ ಗುರುಗಳು ಹಾಸಿನ ಮೇಲೆ ನಡೆದು ಬಂದು ಪೀಠದ ಮುಂದೆ ನಿಂತರು. ಎಲ್ಲರೂ ಮೊಣಕಾಲೂರಿ, ಅಭ್ಯಾಸದಂತೆ ಭುಜ ಕುಗ್ಗಿಸಿ, ತಲೆಯ ಮೇಲೆ ಬೀಳಲಿರುವ ಸದ್ದಿಗೆ ಕಾದರು. ಗುರುಗಳೂ ಅಭ್ಯಾಸದಂತೆ, ಇಷ್ಟು ವರ್ಷ ಈ ಬೀದಿಯಲ್ಲಿ ಮಾಡಿದಂತೆ, ಪ್ರಾರ್ಥನೆಯನ್ನು ಗಂಟಲು ಹರಿಯುವಂತೆ ಕೂಗಿ ಶುರುಮಾಡಿದರು. ಬೀದಿ ನಿಶ್ಶಬ್ದವಾಗಿತ್ತು. ಆ ಕೂಗು ಎದುರು ಗೋಡೆಗೆ ಬಡಿದು ಅವರಿಗೇ ವಾಪಸು ಬಂತು. ಪಾರಿವಾಳಗಳು ಎದ್ದು ಹಾರಿದವು. ಗುರುಗಳು ತಬ್ಬಿಬ್ಬಾಗಿ ಸುಮ್ಮನಾದರು. ಬಿಳಿ ಲಂಗದ ಹುಡುಗಿಯೊಬ್ಬಳು ಕಿಸಕ್ಕೆಂದಳು. ಎಲ್ಲರ ಮುಖಗಳೂ ಮೆಲ್ಲಗೆ ಲೀಬಿನ್‌ಳ ಕಿಟಕಿಯತ್ತ ತಿರುಗಿದವು.

ಕಿಟಕಿ ಖಾಲಿಯಾಗಿತ್ತು. ಜಮಖಾನೆಯೂ ಇರಲಿಲ್ಲ.

ಮರುಗಳಿಗೆ ಅವಳ ಮನೆಯ ಹಿಂದಿನಿಂದ, ಪಿಯೋನಿ ಗಿಡಗಳ ನಡುವಿನಿಂದ, ಸದ್ದು ಬಂತು. ದಬ್. ಸ್ವಲ್ಪ ಬಿಟ್ಟು ಮತ್ತೆ ದಬ್. ದೂರದಿಂದ, ಧೂಳಿಲ್ಲದೆ. ಬೀದಿಯಲ್ಲಿ ಬಗ್ಗಿದ್ದ ಭುಜಗಳೆಲ್ಲ ಸಡಿಲಾದವು. ಗುರುಗಳು ಉಸಿರು ಬಿಟ್ಟು, ಈಗ ಹದವಾದ ದನಿಯಲ್ಲಿ, ಪ್ರಾರ್ಥನೆಯನ್ನು ಮೊದಲಿನಿಂದ ಹೇಳಿದರು. ಆ ಬೀದಿಯವರು ಅದರ ಮಾತುಗಳನ್ನು ಪೂರ್ತಿ ಕೇಳಿಸಿಕೊಂಡದ್ದು ಅವತ್ತೇ.

ಆಶೀರ್ವಾದ ಮುಗಿದ ಮೇಲೆ ಗುರುಗಳು ಹಾಸನ್ನು ಬಗ್ಗಿ ನೋಡಿದರು. "ಒಂದೇ ಕೈಯಲ್ಲಿ ಇಷ್ಟು ಮಾಡಿದೆಯಾ, ಬುರ್ಗಾ?"

"ಗಾಳಿಗೆ ಸ್ವಲ್ಪ ಹೂ ಎದುರುಮನೆಯಿಂದ ಹಾರಿ ಬಂತು, ಸ್ವಾಮಿ."

ಗುರುಗಳು ಎದುರುಮನೆಯನ್ನು ನೋಡಿದರು. ಅಲ್ಲಿ ಇನ್ನೂ ದಬ್ ದಬ್ ಎನ್ನುತ್ತಿತ್ತು, ಎಂದಿಗಿಂತ ಉತ್ಸಾಹದಿಂದ. "ಒಳ್ಳೆಯ ಗಾಳಿ," ಎಂದರು. "ನಾಯಿಯೂ ಚೆನ್ನಾಗಿದೆ. ಪೀಠ ಇಲ್ಲೇ ಇರಲಿ."

ಮಧ್ಯಾಹ್ನ ಬುರ್ಗಾ ಎಡಗೈಯಲ್ಲಿ ಹಬ್ಬದ ಕೇಕಿನ ತಟ್ಟೆ ಹಿಡಿದು ಬೀದಿ ದಾಟಿ ಬಂದಳು. ಲೀಬಿನ್ ಮೈಯೆಲ್ಲ ಧೂಳಾಗಿ, ಕೂದಲಲ್ಲಿ ಎಸಳು ಅಂಟಿಸಿಕೊಂಡು, ಹಿತ್ತಲಿಂದ ಬಂದಳು. ತಟ್ಟೆ ಇಸಿದುಕೊಂಡು ಮೊದಲು ಒಂದು ತುಂಡು ಬಾಯಿಗೆ ಹಾಕಿದಳು.

"ಸಕ್ಕರೆ ಕಡಿಮೆ," ಎಂದಳು.

"ಲೂಥರನ್ನರಿಗೆ ಇಷ್ಟು ಸಾಕು," ಎಂದಳು ಬುರ್ಗಾ. ಬಾಗಿಲ ಚೌಕಟ್ಟಿಗೆ ಒರಗಿ, "ಲೀಬಿನ್, ಒಳಗೆ ಬಂದು ಕೂರಲಾ? ನಿಂತು ಸಾಕಾಯ್ತು."

ಲೀಬಿನ್ ಬಾಗಿಲು ತೆರೆದಳು. ಊಟದ ಮೇಜಿನ ಬಳಿ ಆ ಕುರ್ಚಿ ಎಂದಿನಂತೆ ಖಾಲಿಯಿತ್ತು. ಅದನ್ನು ಹೊರಗೆಳೆದು, ಏಪ್ರನ್ನಿನಿಂದ ಒಮ್ಮೆ ಒರೆಸಿ, ಬುರ್ಗಾಳ ಹಿಂದಕ್ಕೆ ತಳ್ಳಿದಳು. ಬುರ್ಗಾ ಕೂತಳು. ಕುರ್ಚಿ ಕಿರುಗುಟ್ಟಿತು. ಲೀಬಿನ್ ತಕ್ಷಣ ಕಾಫಿ ಪಾತ್ರೆ ಕೈಗೆತ್ತಿಕೊಂಡು ಅಡುಗೆಮನೆಯ ಕಡೆ ತಿರುಗಿದಳು, ಮಾತು ಮಾತ್ರ ನಿಲ್ಲಿಸಲಿಲ್ಲ. "ಶುಭ ಶುಕ್ರವಾರದ ಹೊತ್ತಿಗೆ ಕೈ ವಾಸಿಯಾಗಿರಬೇಕು, ಹೇಳಿಬಿಟ್ಟಿದ್ದೀನಿ. ಆ ಚಡ್ಡಿಗಳಿಲ್ಲದೆ ನಮ್ಮವರಿಗೆ ದುಃಖವೇ ಬರಲ್ಲ. ಮತ್ತೆ ಮುಂದಿನ ವರ್ಷ ಕುರಿಯ ಕಾಲು ಗಿಡ್ಡ ಮಾಡೋಣ, ಬಾಲ ನಾನು ನೋಡಿಕೊಳ್ತೀನಿ, ಕೆಂಪಿನ ಪಕ್ಕಕ್ಕೆ ಸ್ವಲ್ಪ ಹಳದಿ ಸಿಕ್ಕಿದರೆ ಇನ್ನೂ ಚೆನ್ನ" ಎನ್ನುತ್ತಲೇ ಅವಳು ಬಾಗಿಲು ದಾಟಿ ಒಲೆಯ ಮೇಲೆ ಕಾಫಿಗೆ ನೀರಿಟ್ಟಳು.