ಖೈರೂನಕ್ಕನ ವಯಸ್ಸು

ಎರಡು ಸಾವಿರದ ಐದನೇ ಇಸವಿಯ ಮಳೆಗಾಲ ಮುಗಿಯುತ್ತ ಬಂದ ದಿನಗಳು. ಅಂಕೋಲಾ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ ಇತ್ತು. ರೇಷನ್ ಕಾರ್ಡ್, ಪಿಂಚಣಿ, ಪಹಣಿ, ಪಾಸ್‌ಪೋರ್ಟ್, ಯಾವ ಅರ್ಜಿಯಿದ್ದರೂ ಜನ ನನ್ನ ಹತ್ತಿರ ಬರುತ್ತಿದ್ದರು. ‘ಅರ್ಜಿ ಮಾಸ್ತರ’ ಅಂತಲೇ ನನ್ನ ಹೆಸರು. ಶಾಲೆಯಲ್ಲಿ ಒಂದು ದಿನವೂ ಪಾಠ ಮಾಡದ ನಾನು ಆ ಹೆಸರಿಗೆ ಉಬ್ಬಿ ಹೋಗಿದ್ದೆ ಎನ್ನುವುದನ್ನು ಈಗ ಮುಚ್ಚಿಟ್ಟು ಏನು ಪ್ರಯೋಜನ? ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಚುರುಕು. ಬಂದವರನ್ನು ನಗಿಸದೆ ಕಳಿಸಿದರೆ ನನಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಖೈರೂನಕ್ಕ ಅವರ್ಸಾದವಳು. ಕೋಳಿ ಸಾಕಿ ಮೊಟ್ಟೆ ಮಾರುತ್ತಿದ್ದಳು. ಬುಟ್ಟಿಯಲ್ಲಿ ಭತ್ತದ ಹೊಟ್ಟು ತುಂಬಿ, ಅದರೊಳಗೆ ಮೊಟ್ಟೆ ಹೂತು, ವಾರಕ್ಕೊಮ್ಮೆ ಬಸ್ ಹತ್ತಿ ಅಂಕೋಲೆಗೆ ಬರುವಳು. ದಾರಿಯಲ್ಲಿ ಒಂದು ಮೊಟ್ಟೆಯೂ ಒಡೆದದ್ದನ್ನು ನಾನು ನೋಡಿಲ್ಲ. ಗಂಡ ಚಿಕ್ಕ ಪ್ರಾಯದಲ್ಲೇ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಇದ್ದವನು ಒಬ್ಬನೇ ತಮ್ಮ, ಇಬ್ರಾಹಿಂ. ಅವನು ಕದ್ವಾಡದಲ್ಲಿ ಮನೆ ಮಾಡಿಕೊಂಡು ಕಾರವಾರದಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ.

ಒಂದು ದಿನ ಅಕ್ಕ ತಮ್ಮ ಇಬ್ಬರೂ ನನ್ನ ಅಂಗಡಿಗೆ ಬಂದರು. ಇಬ್ಬರಿಗೂ ಪಾಸ್‌ಪೋರ್ಟ್ ಬೇಕಿತ್ತು. ಉಮ್ರಾಕ್ಕೆ, ಅಂದರೆ ಹಜ್‌ನ ದಿನ ಬಿಟ್ಟು ಬೇರೆ ದಿನಗಳಲ್ಲಿ ಮಾಡುವ ಮಕ್ಕಾ ಯಾತ್ರೆಗೆ, ಮರುವರ್ಷ ಹೋಗಬೇಕೆಂದು ನಿರ್ಧರಿಸಿದ್ದರು. ಇಷ್ಟು ವರ್ಷ ಮೊಟ್ಟೆ ಮಾರಿ ಕೂಡಿಟ್ಟದ್ದೆಲ್ಲ ಇದಕ್ಕೇ ಎಂದು ಖೈರೂನಕ್ಕ ಹೇಳಿದಳು. ಆ ಮಾತು ಹೇಳುವಾಗ ಅವಳ ಮುಖ ನೋಡಬೇಕಿತ್ತು.

ಇಬ್ರಾಹಿಂನ ಅರ್ಜಿ ಮೊದಲು ತುಂಬಿದೆ. ಶಾಲೆಯ ದಾಖಲೆ ಇತ್ತು, ಜೂನ್ ಒಂದು, 1958. ಜೂನ್ ಒಂದು ನಮ್ಮ ಕಡೆ ಅರ್ಧ ಊರಿನ ಜನ್ಮದಿನ. ತಾರೀಖು ಗೊತ್ತಿಲ್ಲದ ಮಕ್ಕಳಿಗೆಲ್ಲ ಮಾಸ್ತರರು ಅದನ್ನೇ ಬರೆಯುತ್ತಿದ್ದರು. ಆಮೇಲೆ ಖೈರೂನಕ್ಕನ ಅರ್ಜಿ ಎತ್ತಿಕೊಂಡೆ.

“ಹುಟ್ಟಿದ ತಾರೀಖು ಹೇಳಿ ಖೈರೂನಕ್ಕಾ.”

“ನಂಗೆಂತಾ ಗೊತ್ತು ತಮಾ? ನಾ ಶಾಲೆ ಮೆಟ್ಟಿಲು ಹತ್ತಿದವಳಾ? ಇಂವ ಹುಟ್ಟೂವಾಗ ನಾ ಬಾವಿಯಿಂದ ನೀರು ಹೊತ್ತು ತರ್ತಿದ್ದೆ. ಬಾಣಂತಿಗೆ ಬಿಸಿನೀರು ಕಾಯಿಸಿ ಕೊಟ್ಟವಳು ನಾನೇಯ. ನೀನೇ ಲೆಕ್ಕ ಹಾಕು.”

ಲೆಕ್ಕ ಎಷ್ಟು ಸುಲಭ ನೋಡಿ! ತಮ್ಮನ ಇಸವಿ ನನ್ನ ಕಣ್ಣೆದುರಿಗೇ ಇತ್ತು. ಅದರಲ್ಲಿ ಏಳೆಂಟು ಕಳೆದಿದ್ದರೆ ಮುಗಿಯುತ್ತಿತ್ತು. ಆದರೆ ಬೆಳಗಿನಿಂದ ಇಲ್ಲದ ಕರೆಂಟು ಆಗಷ್ಟೇ ಬಂದಿತ್ತು, ಮೂರು ಜನ ಝೆರಾಕ್ಸಿಗೆ ಕಾಯುತ್ತಿದ್ದರು. ಆತುರಗಾರನಿಗೆ ಬುದ್ಧಿ ಮಟ್ಟ. ನಗೆಯಲ್ಲೇ ಕೆಲಸ ಮುಗಿಸಿಬಿಡೋಣವೆಂದು, “ನಿಮ್ಮನ್ನ ನೋಡಿದ್ರೆ ನಲವತ್ತೆರಡರ ಮೇಲೆ ಒಂದು ದಿನ ಹೆಚ್ಚು ಬರೆಯೂಕೆ ನಂಗೆ ಮನಸ್ಸು ಬರೂದಿಲ್ಲ” ಎಂದೆ.

“ಥೋ! ನಾಚಿಕೆ ಇಲ್ಲ ಇವನಿಗೆ” ಎಂದು ಖೈರೂನಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಳು. “ಏನಾರೂ ಬರೀ ಮಾರಾಯಾ. ದೇವರ ಹತ್ರ ಹೋಗೂಕೆ ವಯಸ್ಸು ಯಾರು ಕೇಳ್ತಾರೆ?”

ಬರೆದೆ. ಜೂನ್ ಒಂದು, 1963. ಓದು ಬಾರದವರು ಹುಟ್ಟಿದ ತಾರೀಖಿಗೆ ಅಫಿಡವಿಟ್ ಕೊಡಬೇಕಿತ್ತು. ಅದನ್ನೂ ನಾನೇ ಟೈಪ್ ಮಾಡಿದೆ. ‘ಮೇಲೆ ಹೇಳಿದ್ದೆಲ್ಲ ನಾನು ತಿಳಿದಂತೆ ಸತ್ಯವೆಂದು ಪ್ರಮಾಣ ಮಾಡುತ್ತೇನೆ’ ಎಂಬ ಸಾಲಿನ ಕೆಳಗೆ ಅವಳು ಹೆಬ್ಬೆಟ್ಟು ಒತ್ತಿದಳು. ನಾನು ಬರೆದದ್ದು ಸರಿಯೇ ಇರುತ್ತದೆಂಬ ನಂಬಿಕೆ ಅವಳಿಗೆ.

ಕೆಲವು ತಿಂಗಳಿಗೆ ಪಾಸ್‌ಪೋರ್ಟ್ ಬಂತು. ಇಬ್ರಾಹಿಂ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, “ಮಾಸ್ತರೆ, ಅಕ್ಕ ನನಗಿಂತ ಐದು ವರ್ಷ ಸಣ್ಣವಳಾಗಿಬಿಟ್ಟಳಲ್ಲ! ಇನ್ನು ನಾನು ಅವಳಿಗೆ ಅಣ್ಣ” ಎಂದ. ಮೂವರೂ ಹೊಟ್ಟೆ ಹಿಡಿದು ನಕ್ಕೆವು. ಆ ದಿನ ಖೈರೂನಕ್ಕ ನನಗೆ ನಾಲ್ಕು ಮೊಟ್ಟೆ ಬಿಟ್ಟಿ ಕೊಟ್ಟು ಹೋದಳು.

ಮರುವರ್ಷ ಮಳೆ ಕಡಿಮೆಯಾದ ಮೇಲೆ ಹೊರಡುವುದೆಂದಾಯಿತು. ಯಾತ್ರೆಗೆ ಹೋಗುವವರು ಗುರುತಿನವರ ಮನೆಗೆಲ್ಲ ಹೋಗಿ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಮಾಫಿ ಕೇಳುವ ಪದ್ಧತಿ ಅವರಲ್ಲಿದೆ. ಖೈರೂನಕ್ಕ ಇನ್ನೂ ತಿಂಗಳು ಇರುವಾಗಲೇ ಅವರ್ಸಾದಲ್ಲಿ, ಹಟ್ಟಿಕೇರಿಯಲ್ಲಿ ಮೊಟ್ಟೆ ಕೊಟ್ಟ ಮನೆಯೊಂದನ್ನೂ ಬಿಡದೆ ತಿರುಗಿದಳು. ನನ್ನ ಅಂಗಡಿಗೂ ಬಂದಳು. ಬುಟ್ಟಿ ಕೆಳಗಿಟ್ಟು, “ತಮಾ, ನನ್ನಿಂದ ಏನಾರೂ ತಪ್ಪಾಗಿದ್ರೆ ಮಾಫ್ ಮಾಡು” ಎಂದಳು.

“ಒಂದ್ಸಲ ಕೊಳೆತ ಮೊಟ್ಟೆ ಕೊಟ್ಟಿದ್ರಿ. ಹೋಗ್ಲಿ, ಮಾಫ್ ಮಾಡ್ದೆ” ಎಂದೆ ನಾನು. ಅವಳು ನಕ್ಕು, ಕಣ್ಣು ಒರೆಸಿಕೊಂಡು ಹೋದಳು.

ಅದಾಗಿ ಹತ್ತು ದಿನಕ್ಕೆ ಇಬ್ರಾಹಿಂಗೆ ಪಾರ್ಶ್ವವಾಯು ಹೊಡೆಯಿತು. ಜೀವ ಉಳಿಯಿತು, ಆದರೆ ಬಲಗೈ ಬಲಗಾಲು ಹೋದವು. ಮಾತು ತೊದಲುತ್ತಿತ್ತು. ಆ ತೊದಲು ಮಾತಿನಲ್ಲೇ ಅವನು ಅಕ್ಕನಿಗೆ, “ನೀ ಹೋಗು. ದೇವರ ಹತ್ರ ನನ್ನ ದುವಾನೂ ಅಲ್ಲಿ ನೀನೇ ಕೇಳು” ಎಂದನಂತೆ. ತಮ್ಮನಿಲ್ಲದೆ ಹೋಗಲು ಬರುತ್ತದೋ ಇಲ್ಲವೋ ಕೇಳಿಕೊಂಡು ಬರೋಣ ಎಂದು ಖೈರೂನಕ್ಕ ನನ್ನನ್ನು ಕಾರವಾರಕ್ಕೆ ಕರೆದುಕೊಂಡು ಹೋದಳು.

ಯಾತ್ರೆಯ ಗುಂಪು ಕರೆದೊಯ್ಯುವ ಏಜೆಂಟ್ ಒಳ್ಳೆಯ ಮನುಷ್ಯ. ಕೂರಿಸಿ, ಚಹಾ ತರಿಸಿ, ನಿಧಾನವಾಗಿ ತಿಳಿಸಿ ಹೇಳಿದರು. “ನೋಡಿ ಅಮ್ಮಾ, ಹೆಂಗಸರಿಗೆ ವೀಸಾ ಬೇಕಾದ್ರೆ ಜೊತೆಗೆ ಮಹ್ರಮ್ ಇರ್ಬೇಕು. ಗಂಡ, ಇಲ್ಲಾ ಮಗ, ಅಣ್ಣತಮ್ಮ, ಹೀಗೆ ಹತ್ತಿರದವ್ರು. ಆದ್ರೆ ನಲವತ್ತೈದು ದಾಟಿದವ್ರು ಗುಂಪಿನ ಹೆಂಗಸರ ಜೊತೆ ಹೋಗ್ಬಹುದು. ನಿಮ್ಮ ತಮ್ಮನ ಒಪ್ಪಿಗೆ ಪತ್ರ ಒಂದಿದ್ರೆ ಸಾಕು.”

“ಅಲ್ಲಾ! ನಲವತ್ತೈದಾ?” ಖೈರೂನಕ್ಕ ಎದ್ದೇ ನಿಂತಳು. “ನಂಗೆ ಐವತ್ತು ದಾಟಿ ಯಾವ ಕಾಲ ಆಯ್ತು! ತಮ್ಮ ಎಡಗೈ ಹೆಬ್ಬೆಟ್ಟು ಒತ್ತತಾನೆ. ಇವತ್ತೇ ಒತ್ತತಾನೆ.”

ಏಜೆಂಟ್ ಪಾಸ್‌ಪೋರ್ಟ್ ಬಿಡಿಸಿದರು. ನನಗೆ ಆಗಲೇ ಗೊತ್ತಾಗಿಹೋಗಿತ್ತು.

“ಇದ್ರಲ್ಲಿ ನಿಮಗೆ ನಲವತ್ತಮೂರು ಅಂತ ಇದೆಯಲ್ಲ ಅಮ್ಮಾ. ಇದು ಹೀಗಿದ್ರೆ ವೀಸಾ ಆಗೂದಿಲ್ಲ. ಯಾರು ಬರೆದದ್ದು ಇದನ್ನ?”

ಖೈರೂನಕ್ಕ ನನ್ನ ಕಡೆ ನೋಡಿದಳು. ಒಂದು ಗಳಿಗೆ ಅಷ್ಟೇ. ನಾನು ಚಹಾದ ಲೋಟ ನೋಡುತ್ತಿದ್ದೆ.

“ನಾನೇ ಹಾಗೆ ಹೇಳಿದ್ದು” ಎಂದಳು ಖೈರೂನಕ್ಕ. “ಓದು ಬರೂದಿಲ್ಲ ನೋಡಿ, ನಂಗೆ ಸರಿ ಗೊತ್ತಿರಲಿಲ್ಲ. ಬರೆದವರದ್ದೇನೂ ತಪ್ಪಿಲ್ಲ.”

ಅಲ್ಲಿಂದ ಒಬ್ಬ ವಕೀಲರ ಹತ್ತಿರ ಹೋದೆವು. ಪಾಸ್‌ಪೋರ್ಟಿನ ಹುಟ್ಟಿದ ತಾರೀಖು ತಿದ್ದಲು ಕೋರ್ಟಿನ ಆದೇಶವೇ ಬೇಕು, ವರ್ಷ ಹಿಡಿದರೂ ಹಿಡಿದೀತು, ಮೊದಲು ಮಾಡಿದ ಪ್ರಮಾಣ ತಪ್ಪೆಂದು ಈಗ ಹೊಸ ಪ್ರಮಾಣ ಮಾಡಬೇಕು ಎಂದರು ಅವರು. ಖೈರೂನಕ್ಕ ತಲೆ ಅಲ್ಲಾಡಿಸಿದಳು. “ಹೆಬ್ಬೆಟ್ಟು ಒತ್ತಿದವಳು ನಾನು. ಆವಾಗ ಸತ್ಯ ಅಂದದ್ದನ್ನ ಈವಾಗ ಸುಳ್ಳು ಅಂತ ಆಣೆ ಹಾಕಿ, ಆ ಕೈ ಹಿಡ್ಕೊಂಡು ಅಲ್ಲಾನ ಮನೆಗೆ ಹೋಗ್ಲಾ? ಬೇಡ.” ನಾನು ಎಷ್ಟು ಹೇಳಿದರೂ ಕೇಳಲಿಲ್ಲ.

ತಿರುಗಿ ಬರುವ ಬಸ್ಸಿನಲ್ಲಿ ಅವಳು ಕಿಟಕಿಯ ಬಳಿ ಕೂತಿದ್ದಳು. “ಹೋಗ್ಲಿ ಬಿಡು ತಮಾ. ಕಾಗದದ ಮೇಲೆ ಇನ್ನೆರಡು ವರ್ಷ ಮುದುಕಿ ಆದ್ರೆ ಆಯ್ತಲ್ಲ. ಕೋಳಿ ಸಾಕ್ಕೊಂಡು ಕಾಯ್ತೆ” ಎಂದಳು. ನಾನು ಹೇಳಿದ್ದೇನು ಗೊತ್ತೇ? “ಕಾನೂನೇ ಹಾಗೆ ಖೈರೂನಕ್ಕಾ, ನಾವು ಎಂತಾ ಮಾಡೂದು?” ಕಾನೂನು! ಆ ನಿಯಮ ಮೊದಲೂ ಇತ್ತು. ಅರ್ಜಿ ತುಂಬುವ ದಿನವೇ ವೀಸಾಕ್ಕೆ ಏನೇನು ಬೇಕೆಂದು ಒಂದು ಫೋನ್ ಮಾಡಿ ಕೇಳಿದ್ದರೆ ನಾನು ಹಾಗೆ ವಯಸ್ಸಿನ ಜೊತೆ ಆಟ ಆಡುತ್ತಿರಲಿಲ್ಲ. ಅದನ್ನು ಹೇಳುವ ಬದಲು ನಾನು ಬಸ್ಸಿನ ಟಿಕೆಟ್ ಮಡಚುತ್ತ ಕೂತೆ. ಅವರ್ಸಾ ಬಂತು, ಅವಳು ಇಳಿದು ಹೋದಳು.

ಅದಾದ ಮೇಲೂ ವಾರ ವಾರ ಬಂದಳು. 2007ರ ಜೂನ್ ಒಂದರಂದು ಕೊಡೆ ಮಡಚುತ್ತ ಒಳಗೆ ಬಂದು, “ಇವತ್ತು ನಂಗೆ ನಲವತ್ನಾಲ್ಕು. ಇನ್ನೊಂದೇ ವರ್ಷ ತಮಾ” ಎಂದಳು. ನಾನೂ ನಕ್ಕೆ. ಆದರೆ ಅಂಗಡಿಯ ಎರಡು ಮೆಟ್ಟಿಲು ಹತ್ತಿದ್ದಕ್ಕೇ ಅವಳಿಗೆ ಏದುಸಿರು ಬಂದಿತ್ತು. ಕಾಗದದ ಖೈರೂನಕ್ಕನಿಗೆ ಒಂದು ವರ್ಷ ಆಗುವಷ್ಟರಲ್ಲಿ ನಿಜವಾದ ಖೈರೂನಕ್ಕನಿಗೆ ಹತ್ತು ವರ್ಷ ಆದಂತಿತ್ತು.

ಮರುವರ್ಷ ಮಾರ್ಚಿನಲ್ಲಿ ಎರಡು ವಾರ ಅವಳು ಬರಲಿಲ್ಲ. ಮೂರನೇ ವಾರ ಅವರ್ಸಾದವರೊಬ್ಬರು ಝೆರಾಕ್ಸಿಗೆ ಬಂದಾಗ ಸುದ್ದಿ ಹೇಳಿದರು. ಕೋಳಿಗೂಡಿನ ಬಾಗಿಲು ತೆಗೆಯಲು ಹೋದವಳು ಅಲ್ಲೇ ಕುಸಿದಳಂತೆ. ಜೂನ್ ಒಂದಕ್ಕೆ ಇನ್ನು ಎರಡೂವರೆ ತಿಂಗಳಿತ್ತು.

ಕದ್ವಾಡಕ್ಕೆ ಹೋದೆ. ಇಬ್ರಾಹಿಂ ಕುರ್ಚಿಯಲ್ಲಿ ಕೂತಿದ್ದ. ನನ್ನನ್ನು ನೋಡಿದವನೇ ಎಡಗೈಯಿಂದ ಒಂದು ಕಾಗದ ಚಾಚಿದ, ಮರಣ ದಾಖಲೆಯ ಅರ್ಜಿ. “ನೀವು ಬಂದದ್ದು ಒಳ್ಳೇದಾಯ್ತು ಮಾಸ್ತರೆ. ತುಂಬಿ ಕೊಡಿ.”

ಹೆಸರು ಬರೆದೆ. ಊರು ಬರೆದೆ. ವಯಸ್ಸಿನ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. “ನೀವು ಹುಟ್ಟೂವಾಗ ಅಕ್ಕನಿಗೆ ಎಷ್ಟಾಗಿತ್ತು?” ಎಂದು ಕೇಳಿದೆ. ಮೂರು ವರ್ಷದ ಹಿಂದೆ ಕೇಳಬೇಕಾಗಿದ್ದ ಪ್ರಶ್ನೆ ಅದು.

“ಎಂಟು. ಅಮ್ಮ ಯಾವಾಗಲೂ ಹೇಳ್ತಿದ್ದಳು.”

ಐವತ್ತೆಂಟು ಎಂದು ಬರೆದೆ. ಅವಳ ವಯಸ್ಸನ್ನು ನಾನು ಸರಿಯಾಗಿ ಬರೆದದ್ದು ಅದೊಂದೇ ಸಲ. ತಡೆಯಲಾಗಲಿಲ್ಲ, ಇಬ್ರಾಹಿಂನ ಎಡಗೈ ಹಿಡಿದು, “ತಪ್ಪು ನನ್ನದು. ನನ್ನ ಮಾಫ್ ಮಾಡಿ” ಎಂದು ಅತ್ತುಬಿಟ್ಟೆ.

ಅವನು ಒಂದೊಂದೇ ಮಾತು ತೊದಲುತ್ತ ಹೇಳಿದ: “ಅಕ್ಕ ಅವತ್ತೇ ಮಾಫ್ ಮಾಡಿದ್ದಳು ಮಾಸ್ತರೆ. ಆದ್ರೆ ನೀವು ಒಂದಿನ ಬಾಯಿಬಿಟ್ಟು ಹೇಳ್ತೀರಿ ಅಂತ ಕಾಯ್ತಿದ್ದಳು. ಪ್ರತಿ ವಾರ ನನ್ನ ನೋಡೂಕೆ ಬಂದಾಗ ಹೇಳ್ತಿದ್ದಳು, ‘ಇವತ್ತೂ ಹೇಳ್ಲಿಲ್ಲ ತಮ್ಮಾ’ ಅಂತ.”

ಈಗ ಯಾರ ಅರ್ಜಿ ತುಂಬಿದರೂ ಹುಟ್ಟಿದ ಇಸವಿಯನ್ನು ಹತ್ತು ಸಲ ಕೇಳುತ್ತೇನೆ, ಯಾತ್ರೆಗೆ ಎಂದರೆ ನಿಯಮವನ್ನೆಲ್ಲ ವಿಚಾರಿಸದೆ ಪೆನ್ನು ಮುಟ್ಟುವುದಿಲ್ಲ. ಜನ ಹೊಗಳುತ್ತಾರೆ. ಆದರೆ ಖೈರೂನಕ್ಕ ಮಾಡದ ತಪ್ಪಿಗೂ ಮನೆಮನೆಗೆ ಹೋಗಿ ಮಾಫಿ ಕೇಳಿದವಳು. ಮಾಡಿದ ತಪ್ಪಿಗೆ ಮಾಫಿ ಕೇಳಲು ನಾನು ಎಲ್ಲಿಗೂ ಹೋಗಬೇಕಿರಲಿಲ್ಲ. ವಾರಕ್ಕೊಮ್ಮೆ ಅವಳೇ ಬುಟ್ಟಿ ಹೊತ್ತು ನನ್ನ ಎದುರಿಗೆ ಬಂದು ನಿಲ್ಲುತ್ತಿದ್ದಳು.