ಬೇಸ್ಯ ತಿಂಗಳು ಇಲ್ಲದ ಫೋನು

ನನ್ನ ಅಂಗಿಯ ಜೇಬಿಗೆ ಹೆಂಡತಿ ವಾರಿಜ ಒಳಗಿನಿಂದ ಇನ್ನೊಂದು ಪದರ ಬಟ್ಟೆ ಕೊಟ್ಟು ಹೊಲಿದಿದ್ದಾಳೆ. ಹೊಸ ಫೋನಿನ ಭಾರಕ್ಕೆ ಜೇಬು ಜೋತುಬಿದ್ದು, ನಡೆಯುವಾಗೆಲ್ಲ ಎದೆಗೆ ಬಡಿಯುತ್ತಿತ್ತು. ಅಷ್ಟು ದೊಡ್ಡ ಫೋನು ನನಗೆ ಯಾಕೆ ಬೇಕಾಯಿತೆಂದು ಅವಳಿಗೆ ಗೊತ್ತಿತ್ತು. ನಿಮಗೆ ಹೇಳುವುದಕ್ಕೆ ನಾಚಿಕೆ, ಆದರೂ ಹೇಳುತ್ತೇನೆ.

ಕಾವೂರಿನಲ್ಲಿ ಶಾಮಿಯಾನ ಬಾಡಿಗೆಗೆ ಕೊಡುವವನು ನಾನು. ಐದನೆಯ ಕ್ಲಾಸಿಗೇ ಶಾಲೆ ಬಿಟ್ಟು, ಕಂಬ ಹೊತ್ತು, ಹಗ್ಗ ಬಿಗಿದು, ನನ್ನದೇ ಒಂದು ಟೆಂಪೊ ಮಾಡಿಕೊಂಡವನೆಂಬ ಹೆಮ್ಮೆ ಮೈಯಲ್ಲಿ ಸ್ವಲ್ಪ ಹೆಚ್ಚೇ ಉಂಟು. ಆದರೆ ಯಾವ ದಿನ ಯಾರ ಮನೆ ಎಂಬುದು ಮಾತ್ರ ವಾರಿಜಳ ವಶ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಇಂಗ್ಲಿಷ್ ತಾರೀಕಿನ ಪಕ್ಕ ತುಳು ತಿಂಗಳ ದಿನವೂ ಅಚ್ಚಾಗಿರುತ್ತದೆ; ಅದರ ಮೇಲೆ ಅವಳು ಯಾರ ಮನೆಯೆಂದು ಬರೆದಿಡುತ್ತಾಳೆ. ದೈವದ ಕೆಲಸಕ್ಕೆ ನಮ್ಮವರು ಇಂದಿಗೂ ದಿನ ಹೇಳುವುದು ಆ ಲೆಕ್ಕದಲ್ಲಿಯೇ. ದಾರಿಯಲ್ಲಿರುವಾಗ ಯಾರಾದರೂ ಫೋನಿನಲ್ಲಿ ದಿನ ಕೇಳಿದರೆ, "ಡೈರಿ ಆಫೀಸಲ್ಲಿ ಉಂಟು, ನೋಡಿ ಹೇಳ್ತೇನೆ" ಎಂದು ಗತ್ತಿನಿಂದ ಹೇಳಿ, ಕೂಡಲೇ ಮನೆಗೆ ಫೋನು ಮಾಡುತ್ತಿದ್ದೆ. ಆಫೀಸೆಂದರೆ ಒಗ್ಗರಣೆಯ ಹೊಗೆ ಹಿಡಿದ ಆ ಗೋಡೆ. ಡೈರಿ ಎಂದರೆ ವಾರಿಜ.

ಫೋನೂ ಡೈರಿಯೂ ಒಂದರಲ್ಲೇ ಇದ್ದರೆ ಈ ಸುಳ್ಳಿನ ಗೊಡವೆಯೇ ಇಲ್ಲವಲ್ಲ ಎಂದು ಅಂಗಡಿಗೆ ಹೋದೆ. ವಾರಿಜಳೂ ಜೊತೆಗಿದ್ದಳು. ನನ್ನ ಹಳೆಯ ಒತ್ತುಗುಂಡಿಯ ಫೋನು ಜನರೇಟರಿನ ಸದ್ದಿನಲ್ಲೂ ಕೇಳುತ್ತಿತ್ತು, ಏಣಿಯ ಮೇಲಿಂದ ಬಿದ್ದರೂ ಬದುಕುತ್ತಿತ್ತು. ಆದರೆ ಏನನ್ನೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಅಂಗಡಿಯ ಹುಡುಗಿ ತೋರಿಸಿದ ದೊಡ್ಡದರಲ್ಲಿ ಕ್ಯಾಲೆಂಡರ್ ಇತ್ತು, ಗಾಜಿನ ಮೇಲೆ ಬರೆಯಲು ಪೆನ್ನಿತ್ತು; ಬಿಸಿಲಿಗೆ ಹಿಡಿದರೆ ಮಾತ್ರ ಕನ್ನಡಿಯ ಹಾಗೆ ನನ್ನದೇ ಮುಖ ಕಾಣುತ್ತಿತ್ತು. ಒಂದು ಸಿಕ್ಕಿದರೆ ಇನ್ನೊಂದಿಲ್ಲ. ಸಂಬಂಧ ನೋಡುವವರ ಹಾಗೆ ನಾನು ಇದರ ಗುಣ, ಅದರ ದೋಷ ತೂಗುತ್ತ ನಿಂತೆ.

"ಅಂಕಲ್, ಕನ್ನಡದಲ್ಲಿ ಹಾಕಿ ಕೊಡ್ಲಾ? ತುಳು ತಿಂಗಳಿರುವ ಪಂಚಾಂಗವೂ ಸೇರಿಸಿ ಕೊಡ್ತೇನೆ" ಎಂದಳು ಹುಡುಗಿ.

ಪಕ್ಕದಲ್ಲಿ ಪ್ಯಾಂಟು, ಬೂಟಿನ ಇಬ್ಬರು ನಿಂತಿದ್ದರು. "ಅದೆಲ್ಲ ಎಂತಕ್ಕೆ? ಇಂಗ್ಲಿಷೇ ಇರ್ಲಿ" ಎಂದುಬಿಟ್ಟೆ. ವಾರಿಜ ನನ್ನ ಮುಖವನ್ನೊಮ್ಮೆ ನೋಡಿ, ಗಾಜಿನ ಕಪಾಟಿನ ಕಡೆ ತಿರುಗಿದಳು.

ಅಂದಿನಿಂದ ಅವಳನ್ನು ಕೇಳುವುದನ್ನೇ ಬಿಟ್ಟೆ. ಮಣ್ಣಗುಡ್ಡದ ಶೇಖರಣ್ಣ ತುಳುವಿನ ಬೇಸ್ಯ ತಿಂಗಳ ಐದಕ್ಕೆ ಮನೆಯ ದೈವಗಳಿಗೆ ತಂಬಿಲ ಸೇವೆ, ಚಪ್ಪರ ಬೇಕು ಎಂದಾಗ, ಗಾಡಿ ಬದಿಗೆ ನಿಲ್ಲಿಸಿ, ತಿಂಗಳು ಶುರುವಾಗುವ ಸಂಕ್ರಮಣದಿಂದ ಬೆರಳು ಮಡಚಿ ಎಣಿಸಿ, ಫೋನಿನಲ್ಲಿ ಗುರುತು ಹಾಕಿದೆ. ಬೇಸ್ಯದ ಮಿಕ್ಕ ದಿನಗಳನ್ನೂ ಹಾಗೆಯೇ ಎಣಿಸಿದೆ. ಸಂಕ್ರಮಣ ಒಮ್ಮೊಮ್ಮೆ ಒಂದು ದಿನ ಹಿಂದೆ ಮುಂದೆ ಆಗುತ್ತದೆ. ಅದು ಗೋಡೆಗೆ ಗೊತ್ತು, ಬೆರಳಿಗೆ ಗೊತ್ತಿಲ್ಲ.

ನನ್ನ ಎಣಿಕೆಯಲ್ಲಿ ಇನ್ನೂ ಬೇಸ್ಯದ ನಾಲ್ಕನೆಯ ದಿನವಾಗಿದ್ದ ಬೆಳಿಗ್ಗೆ ಶೇಖರಣ್ಣನ ಫೋನು ಬಂತು. "ಎಂತ ಮಾರಾಯಾ, ಚಪ್ಪರ ಎಲ್ಲಿ? ಜನ ಬರ್ಲಿಕ್ಕೆ ಶುರುವಾಯ್ತು."

ಹುಡುಗರನ್ನು ಹೇಗೋ ಒಟ್ಟುಮಾಡಿ ಟೆಂಪೊ ಓಡಿಸಿಕೊಂಡು ಹೋದೆ. ಅಂಗಳದಲ್ಲಿ ಹೆಂಗಸರು ಸೆರಗನ್ನು ತಲೆಗೆಳೆದುಕೊಂಡು ಬಿಸಿಲಿನಲ್ಲೇ ಕೂತಿದ್ದರು. ಮಕ್ಕಳು ಮಾಡಿನ ಅಂಚಿನ ಒಂದು ಗೇಣು ನೆರಳಿಗೆ ಬೆನ್ನು ಆನಿಸಿ ಸಾಲಾಗಿ ನಿಂತಿದ್ದವು. ದೈವಕ್ಕೆ ಇಟ್ಟ ದಿನ. ನಾಳೆಗೆ ಹಾಕುವ ಹಾಗಿಲ್ಲ. ಶೇಖರಣ್ಣನ ಅಕ್ಕ ನನ್ನ ಜೇಬನ್ನೇ ನೋಡಿ, "ಅಷ್ಟು ದೊಡ್ಡ ಮೊಬೈಲ್ ಉಂಟಲ್ಲ ಮಗಾ, ಅದನ್ನೇ ಕಟ್ಟು ನೆರಳಿಗೆ" ಎಂದರು. ಎಲ್ಲರೂ ನಕ್ಕರು. ಕಂಬ ಊರುತ್ತ ನಾನೂ ನಗಲು ನೋಡಿದೆ, ಆಗಲಿಲ್ಲ.

ಆ ನಗುವನ್ನಾದರೂ ನುಂಗಬಹುದಿತ್ತು. ಶೇಖರಣ್ಣ ಹತ್ತಿರ ಬಂದು, ಬಯ್ಯುವುದು ಬಿಟ್ಟು, ಮೆಲ್ಲ ಹೇಳಿದರು: "ವಾರಿಜಕ್ಕನಲ್ಲಿ ಒಂದು ಮಾತು ಕೇಳ್ಬಹುದಿತ್ತಲ್ಲ. ಅವರು ಬರೆದ ದಿನ ಯಾವತ್ತಾದ್ರೂ ತಪ್ಪಿದ್ದುಂಟಾ?"

ಹಾಗಾದರೆ ಇವರಿಗೆ ಗೊತ್ತಿತ್ತು. ಇವರೊಬ್ಬರಿಗೇ ಅಲ್ಲ, ಊರಿಗೇ ಗೊತ್ತಿದ್ದಿರಬೇಕು. ಇಷ್ಟು ಕಾಲ ನಾನು ಆಫೀಸು, ಡೈರಿ ಎನ್ನುತ್ತಿದ್ದಾಗ ಅವರೆಲ್ಲ ಮರ್ಯಾದೆಗೆ "ಆಗ್ಲಿ, ನೋಡಿ ಹೇಳಿ" ಎನ್ನುತ್ತಿದ್ದರು. ನಾನು ಕಾಪಾಡಿಕೊಂಡಿದ್ದೇನೆಂದು ತಿಳಿದಿದ್ದ ಮಾನವನ್ನು ನಿಜವಾಗಿ ಕಾಪಾಡುತ್ತಿದ್ದವರು ಅವರು. ಕ್ಯಾಲೆಂಡರ್, ಗಾಜು, ಪೆನ್ನು ಎಂದು ಅಷ್ಟೆಲ್ಲ ತೂಗಿದವನು, ಪಕ್ಕದಲ್ಲೇ ನಿಂತಿದ್ದವಳನ್ನು ಒಂದು ಮಾತು ಕೇಳಲಿಲ್ಲ. ಅವಳ ಕೈಯಿಂದ ಈ ಕೆಲಸ ಕಿತ್ತುಕೊಳ್ಳುವುದಕ್ಕೆಂದೇ ನಾನು ಆ ಅಂಗಡಿಯ ಮೆಟ್ಟಿಲು ಹತ್ತಿದ್ದೆ. ಬಿಸಿಲಿಗಿಂತ ಹೆಚ್ಚು ಆ ಯೋಚನೆಗೇ ಮುಖ ಸುಟ್ಟಿತು.

ಒಂದು ದಿನ ತಪ್ಪಿದ್ದರೆ ಬೇಸ್ಯದ ಮಿಕ್ಕ ಮನೆಗಳೂ ತಪ್ಪಿದವು. ಚಪ್ಪರದ ಬಟ್ಟೆ ಅರ್ಧ ಏರಿತ್ತು. ಅದರ ಕೆಳಗೆ ಕೂತು, ಮನೆಗೆ ಫೋನು ಮಾಡಿ ಸ್ಪೀಕರಿಗೆ ಹಾಕಿ, ಕೈಯಲ್ಲಿ ಪೆನ್ನು ಹಿಡಿದೆ. ಶೇಖರಣ್ಣ, ಅವರ ಅಕ್ಕ, ನೆಂಟರು ಎಲ್ಲ ಸುತ್ತ ಇದ್ದರು.

"ವಾರಿಜಾ, ಬೇಸ್ಯದ ಯಾವ ದಿನಕ್ಕೆ ಯಾವ ತಾರೀಕೆಂದು ಕ್ಯಾಲೆಂಡರ್ ನೋಡಿ ಒಂದೊಂದಾಗಿ ಹೇಳು. ನಾನು ಬರೆದುಕೊಳ್ತೇನೆ. ನಂಗೆ ಲೆಕ್ಕ ತಪ್ಪಿದೆ."

ಆ ಕಡೆ ಅವಳು ದನಿ ತಗ್ಗಿಸಿದಳು. "ಹತ್ರ ಯಾರಾದ್ರೂ ಇದ್ದಾರಾ? ಆಮೇಲೆ ಮಾಡ್ಲಾ?"

"ಎಲ್ಲರೂ ಇದ್ದಾರೆ" ಎಂದೆ. "ನೀನು ಹೇಳು."